ಅಮಾಸಿಯ ಪ್ಲೇಯರ್

ಬನಹಟ್ಟಿ ಪ್ಯಾಟ್ಯಾಗ ಧನ್ಯಕುಮಾರನ ಅಂಗಡಿ.
ಗಾಜಿನ ಹಿಂದ ಏಳು ಪ್ಲೇಯರು,
ಏಳೂ ಕರೀವು, ಏಳಕ್ಕೂ ನೀಲಿ ಕಣ್ಣು.
‘ಎಲ್ಲಾ ಚಲೋನ ಅದಾವ್ರಿ ಕಾಕಾ,
ಹಾಡಿಗೂ ಆತು, ಸಿನಿಮಾಕ್ಕೂ ಆತು.’
ಎಲ್ಲಾ ಚಲೋ ಇದ್ದಲ್ಲಿ ಆರಿಸೂದು ಹ್ಯಾಂಗ?
ಸೀರಿ ಅಂಗಡ್ಯಾಗ ಹಿಂಗ ಅಂದವರನ್ನ
ನಾ ಎಂದೂ ನಂಬಿಲ್ಲ. ಸೀರಿ ನೇಯಾಂವ ನಾನು.

ಅರ್ಧ ಕಿವಿ ಮಗ್ಗಕ್ಕ ಕೊಟ್ಟೀನಿ.
ನಾಕು ಪವರ್‌ಲೂಮಿನ ನಡುವ ಇಪ್ಪತ್ತಾರು ವರ್ಷ.
ಮೊದಲು ಹೋದದ್ದು ಗುಬ್ಬಿ,
ಆಮ್ಯಾಲೆ ದಾನವ್ವನ ಬಳಿ,
ಆಮ್ಯಾಲೆ ಕುಕ್ಕರಿನ ಸೀಟಿ.
ತಬಲಾದಾಗ ಎಡ ಉಳದೈತಿ, ಬಲ ಹೋಗೇತಿ.
ಅದಕ್ಕಂತ ಅಕಿನ್ನ ಕರಕೊಂಡು ಬಂದೀನಿ:
ಅಕಿ ಕೇಳಲಿ, ನಾ ಮುಟ್ಟಿ ನೋಡತೀನಿ.

ಗುಂಡಿ ಒತ್ತಿದೆ. ಒಂದರ ತಟ್ಟಿ ನಡಗಿಕೋತ ಬಂತು
ಲಾಳಿ ಸವದ ಮಗ್ಗದಂಗ.
ಇನ್ನೊಂದು ಕಟ್ ಅಂತ ಕಚ್ಚಿ ಡಿಸ್ಕ್ ಒಳಗ ಎಳಕೋತು.
ಮೂರನೇದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಇಲ್ಲ,
ಬೆಣ್ಯಾಗಿಂದ ಕೂದಲಾ ತಗದಂಗ.
ಅದರ ತಲಿಮ್ಯಾಲೆ ಅಂಗೈ ಇಟ್ಟು ನಿಂತೆ.
ಒಳಗ ತಿರಗತೈತಿ, ಮೈ ಅಳಗಾಡವಲ್ಲದು.
ಎತ್ತಿ ನೋಡಿದೆ. ತೂಕ ಐತಿ.
ಹಗೂರಿದ್ದದ್ದು ಹಾಡಿನ ಜೋಡಿ ತಾನೂ ಕುಣೀತೈತಿ.

ಧನ್ಯಕುಮಾರ ಶುರು ಹಚ್ಚಿದ:
ಐದು ಪಾಯಿಂಟ್ ಒಂದು, ಯುಎಸ್‌ಬಿ, ಮೈಕಿಗೆ ಎರಡು ತೂತು...
‘ತೂತು ಎಣಸಬ್ಯಾಡೋ ತಮ್ಮಾ, ಹಾಡ ಹಚ್ಚು’ ಅಂದಳು ದಾನವ್ವ.
ಕಣ್ಣು ಮುಚ್ಚಿ ಸ್ಟೂಲಿನ ಮ್ಯಾಲೆ ಕುಂತಳು,
ಅಕ್ಕ್ಯಾಗಿನ ಹಳ್ಳಾ ಆರಸೂ ಮುಖ ಮಾಡಿಕೊಂಡು.
‘ಇದರಾಗ ಸಾರಂಗಿ ತಗಡಾಗೇತಿ.’
‘ಇದು ಸುಮ್ಮನ ಒದರತೈತಿ.’
ಮೂರನೇದಕ್ಕ ಬಾಳ ಹೊತ್ತು ಏನೂ ಅನ್ನಲಿಲ್ಲ.
‘ಹಾಡಾಕಿ ಉಸರು ತಗೊಳ್ಳೂದು ಕೇಳಸ್ತು.’

ಇನ್ನ ನನ್ನ ಪರೀಕ್ಷೆ.
ಚೀಲದಾಗಿಂದ ತಗದೆ, ನಾದಿನಿ ಕಸ್ತೂರಿಯ
ಲಗ್ನದ ಡಿಸ್ಕು, ತೇರದಾಳದ್ದು, ಮೈತುಂಬ ಗೀರು.
ನಮ್ಮ ಹಳೇ ಡಬ್ಬಿಯೊಳಗ ಅದು
ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಸಿಗೀ ಬೀಳತಿತ್ತು.
ಹನ್ನೊಂದು ವರ್ಷ ಕಸ್ತೂರಿ ಕುತ್ತಗಿ ಬಗ್ಗಿಸಿ ನಿಂತಾಳ.
ಮಕ್ಕಳು ಸಾಲಿಗೆ ಹೋದ್ರು, ತಾಳಿ ಕಟ್ಟೂದು ಮುಗದಿಲ್ಲ.

ಮೊದಲನೇ ಪ್ಲೇಯರಿನಾಗೂ ಹಂಗ ನಿಂತಳು.
ಎರಡನೇದು ಅಲ್ಲಿಂದ ಜಿಗದು ಸೀದಾ ಊಟದ ಪಂಕ್ತಿಗೆ ಹೋತು.
ಮೂರನೇದು ನಿಂತು,
ಗುರ್ ಅಂದು,
ಇಚಾರ ಮಾಡಿ
ದಾಟಿತು.

ಮನ್ಯಾಗ ಯಾರೂ ನೋಡಿರದ ನಾಕು ಸೆಕೆಂಡು.
ಗಾಳ್ಯಾಗ ಅಕ್ಕಿಕಾಳು.
ಪರದೆಯ ಅಂಚಿಗೆ, ಹಳದಿ ರುಮಾಲಿನ್ಯಾಗ, ನಾನು.
ಹಿಂದಿಂದ ಯಾರೋ ಸಣ್ಣ ದನಿಲೆ ಕರದಂಗ ಕಾಣತೈತಿ,
ತಟ್ಟನ ಹೊಳ್ಳಿ ನೋಡೀನಿ.

ದಾನವ್ವ ಟಿವಿ ಬಿಟ್ಟು ನನ್ನ ನೋಡಿದಳು.
‘ಇದ ಇರಲಿ’ ಅಂದಳು.
ಎಂಟನೂರು ರೂಪಾಯಿ ಹೆಚ್ಚಿನದು.
ಕೊತಂಬರಿ ಸಿವುಡಿಗೂ ಜಗಳಾಡಾಕಿ
ಅಂದು ಚೌಕಾಸಿ ಮಾಡಲಿಲ್ಲ.

ಮನಿಗೆ ತಂದ ಮ್ಯಾಲೆ ತಿಳೀತು ತಕರಾರು:
ಕರೆಂಟ್ ಇದ್ದಾಗ ಓಣಿತುಂಬ ಮಗ್ಗ,
ಮಗ್ಗ ನಿಂತಾಗ ಕರೆಂಟಿಲ್ಲ.
ಎರಡೂ ಕೂಡಿ ಬರೂದು ಅಮಾಸಿಗೆ.
ಅವತ್ತು ಮಗ್ಗಕ್ಕ ಸೂಟಿ.
ಮಗ ಮುರಗೇಶ ಸಿನಿಮಾ ಅಂತಾನ, ದಾನವ್ವ ಹಾಡು ಅಂತಾಳ,
ನಾ ನಡುವ ಕುಂತು ಇಬ್ಬರಿಗೂ ಹೂಂ ಅಂತೀನಿ.
ಮಗ ಪಡಸಾಲ್ಯಾಗ ನಿದ್ದಿಗೆ ಬಿದ್ದ ಮ್ಯಾಲೆ
ಅಕಿ ಡಿಸ್ಕ್ ಬದಲಸತಾಳ.

ದನಿ ಮ್ಯಾಲೇರಿದಲ್ಲೆ ನನಗ ಬಯಲು.
ಅಲ್ಲಿ ಅಕಿಯ ಬೆರಳು ನನ್ನ ಮೊಣಕಾಲ ಮ್ಯಾಲೆ ನಡೀತಾವ.

ಒಂದು ಹಾಡು ಮುಗದು ಇನ್ನೊಂದು ಹತ್ತೂದರೊಳಗ
ಹಳೇ ಡಬ್ಬಿ ಸುಂಯ್ ಅಂತಿತ್ತಂತ, ದಾನವ್ವ ಹೇಳತಾಳ.
ಇದರಾಗ ಅಲ್ಲಿ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನ ಮಾತ್ರ
ಇಬ್ಬರೂ ಒಂದ ನಮೂನಿ ಕೇಳತೀವಿ.