ಹಳೇ ಉಸುಕು

ಹೊಸ ಉಸುಕಿಗೆ ಮೂಲೆ ಜಾಸ್ತಿ.
ಅಕ್ಕಿಗೆ ಚುಚ್ಚತತಿ, ಅಂಟಿಕೊಂಡೇ ಜರಡಿ ದಾಟತತಿ,
ಮಂಡಕ್ಕಿ ತಿಂದವರ ಹಲ್ಲಿಗೆ ಕರಕರ,
ಬೈಗುಳ ನಮ್ಮ ಭಟ್ಟಿಗೆ.

ಇಮ್ದಾದ್‌ಗೆ ಇದು ಗೊತ್ತಿಲ್ಲ.
ಬೆಳಿಗ್ಗೆ ಟ್ರ್ಯಾಕ್ಟರ್ ತಂದು ಬಾಗಿಲಿಗೆ ಸುರುವಿಸಿ
ಆ ಕರೀದೆಲ್ಲ ಚೆಲ್ಲಿಬಿಡು ಖಾಲಾ, ಅಂದ.
ಚೆಲ್ಲಲಿಲ್ಲ. ಎರಡು ಚೀಲ ತುಂಬಿ
ಹೊಟ್ಟಿನ ರಾಶಿ ಹಿಂದೆ ಬಚ್ಚಿಟ್ಟು ಬಂದೆ,
ಮೊಣಕಾಲು ಹಿಡಕೊಂಡು.

ನಾನೂ ನಕ್ಕಿದ್ದೆ ಒಂದು ಕಾಲಕ್ಕೆ.
ಹೊನ್ನೂರಬಿ ಬಾಣಲೆಗೆ ಕಿವಿ ಕೊಟ್ಟು
'ಇನ್ನೂ ಮಾತಾಡವಲ್ದು, ತಡಿ' ಅಂದಾಗ
ಉಸುಕು ಮಾತಾಡತತಂತೆ ಅಂತ
ಓಣಿ ತುಂಬ ಆಡಿಕೊಂಡು ಬಂದಿದ್ದೆ.
ಇಪ್ಪತ್ತೆರಡು ವರ್ಷ ನನಗೆ. ಹಸಿರು ಬಳೆ, ಬಿರುಸು ಕೈ,
ಸೇರಿಗೆ ಒಂದು ಪಾವು ಸೀಯಿಸುತ್ತಿದ್ದೆ.
ಅವಳು ಬೈಯಲಿಲ್ಲ. ಸೀದದ್ದನ್ನು ಆರಿಸಿ
ಕೋಳಿಗೆ ಹಾಕುತ್ತಿದ್ದಳು.

ಈಗ ನನ್ನ ಎಡಗಿವಿ ಕೇಳಿಸೋದಿಲ್ಲ.
ಬಲಗಣ್ಣಿನ ಪೊರೆ ತೆಗೆಸಿ ಎರಡು ವರ್ಷ ಆತು.
ಕಾವು ಬಂದದ್ದು ಹೆಂಗ ತಿಳೀತತಿ
ಅಂತ ಹೊಸ ಹುಡುಗೀರು ಕೇಳತಾರೆ.
ಮುಂಗೈ ಕೂದಲಿಗೆ, ಅಂತೀನಿ.
ಸುಳ್ಳು. ಕೂದಲು ಎಂದೋ ಸುಟ್ಟು ಹೋದವು.
ಉಪ್ಪುನೀರಿನ ವಾಸನೆ ತಿರುಗೋದು ಒಂದು ಗಳಿಗೆ,
ಸೌಟು ಕೈಯಾಗ ಹಗುರಾಗೋದು ಇನ್ನೊಂದು,
ಆಮೇಲೆ ಏನೋ.
ಆ 'ಏನೋ'ಗೆ ಮೂವತ್ತೊಂಬತ್ತು ವರ್ಷ ಹಿಡೀತು.

ಹೊನ್ನೂರಬಿ ಕಾಯಿಸಿದ ಉಸುಕೂ ಐತಿ ಆ ಚೀಲದಾಗ.
ಯಾವ ಹರಳು ಯಾರ ಕಾಲದ್ದು, ಯಾರು ಹೇಳಬೇಕು?
ಕಾದು, ಆರಿ, ಮತ್ತೆ ಕಾದು,
ಒಂದರ ಮೈ ಒಂದಕ್ಕೆ ಉಜ್ಜಿ
ಗಸಗಸೆಯಂಗ ನುಣ್ಣಗಾಗೇತಿ.
ಮಧ್ಯಾಹ್ನ ಬೊಗಸೆ ಬೊಗಸೆ ಹೊಸದಕ್ಕೆ ಬೆರೆಸಿದೆ,
ಹಾಲಿಗೆ ಹೆಪ್ಪು ಹಾಕಿದಂಗ.
ಇಮ್ದಾದ್ ನಿಂತು ನೋಡಿದ.
ಏನೂ ಅನ್ನಲಿಲ್ಲ. ಚಾ ತರಿಸಿದ.

ಎಲ್ಲ ಅಕ್ಕಿಯೂ ಅರಳೋದಿಲ್ಲ.
ಸಂಜೆಗೆ ಜರಡಿ ತಳದಾಗ ನಾಕು ಕಾಳು
ಹಂಗೇ ಉಳೀತಾವು, ದಿನಾ.
ವಯಸ್ಸಿನಾಗ ಕಟಂ ಅಂತ ಕಡಿದು ಉಗುಳತಿದ್ದೆ.
ಈಗ ಕಡಿಯೋ ಹಲ್ಲಿಲ್ಲ.
ದವಡೆಯಾಗ ಇಟ್ಟಕೊಂಡು
ಮೆಲ್ಲಗೆ ಮನೆ ಕಡೆ ನಡೀತೀನಿ.
ಹಗೇದಿಬ್ಬ ಸರ್ಕಲ್ ದಾಟೋ ಹೊತ್ತಿಗೆ
ಮೆತ್ತಗಾಗಿ
ಉಪ್ಪಿನ ಹಿಂದಿಂದ ಒಂಚೂರು
ಸಿಹಿ ಬರ್ತತಿ.