ನೂರಕ್ಕೆ ಹದಿನೈದು

ಕ್ಲರ್ಕೆನ್‌ವೆಲ್‌ನಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೇಲೆ
ಎರಡನೇ ಮಹಡಿ. ಲಿಫ್ಟಿಲ್ಲ.
ಹತ್ತಿ ಬಂದವರು ಉಸಿರು ಸುಧಾರಿಸಿಕೊಳ್ಳಲೆಂದು
ಮ್ಯೂರಿಯಲ್ ಹೆಸ್ಕೆತ್ ಬಾಗಿಲ ಬಳಿ ಕುರ್ಚಿ ಹಾಕಿಸಿದ್ದಳು.
ಈಗ ಬರುವವರಿಲ್ಲ, ಎಲ್ಲ ಇಮೇಲು.
ಕುರ್ಚಿಯ ಮೇಲೆ ಒಪ್ಪಂದದ ಕಡತ, ಅವಳ ಕೊಡೆ.

ನನ್ನ ಕೆಲಸ ಓದುವುದು.
ವಾರಕ್ಕೆ ಇನ್ನೂರು ಕಾದಂಬರಿ, ಅಂದರೆ
ಇನ್ನೂರು ಕಾದಂಬರಿಗಳ ಮೊದಲ ಹತ್ತು ಪುಟ,
ಅಂದರೆ, ನಿಜ ಹೇಳಬೇಕೆಂದರೆ, ಮೂರು.
‘ಚೆನ್ನಾಗಿದೆ, ಆದರೆ ನಮ್ಮ ಪಟ್ಟಿಗೆ ಹೊಂದುವುದಿಲ್ಲ’.
ಈ ಸಾಲನ್ನು ನನ್ನಷ್ಟು ಸಲ ಬರೆದವರು
ಈ ಬೀದಿಯಲ್ಲಂತೂ ಇರಲಾರರು.

ಆಲ್ವಿನ್ ಗಾರ್‌ಸೈಡ್‌ನದು ಅಂಚೆಯಲ್ಲಿ ಬಂತು.
ಹಲ್ ಬಂದರಿನವನು, ಮೀನು ಹಡಗಿನ ಅಡುಗೆಯವನು;
ಕಟ್ಟು ಬಿಚ್ಚಿದರೆ ಈರುಳ್ಳಿ ವಾಸನೆ.
ಮೊದಲ ನಲವತ್ತು ಪುಟ ಬರೀ ಅವನ ಅಮ್ಮ:
ಬಲೆ ಹೆಣೆಯುವ ಶೆಡ್ಡಿನಲ್ಲಿ ನಿಂತೇ ಉಣ್ಣುತ್ತಾಳೆ,
ಬೆರಳಿಗೆಲ್ಲ ಬಟ್ಟೆಚೂರು, ಬಾಯಿತುಂಬ ಬೈಗುಳ,
ಏನೂ ಆಗುವುದಿಲ್ಲ.
ಹಡಗು ಹೊರಡುವುದು ನಲವತ್ತೊಂದಕ್ಕೆ.

ಅವತ್ತು ನನಗೆ ಬಸ್ಸು ತಪ್ಪಿತು.

ಮ್ಯೂರಿಯಲ್ ಓದಿ, ಕಿವಿಯಿಂದ ಪೆನ್ಸಿಲ್ ತೆಗೆದು,
‘ಹೊರಡಲಿ ಹಡಗು’ ಅಂದಳು, ‘ಒಂದನೇ ಪುಟದಲ್ಲೇ.’
ಕಲ್ಲೆದೆಯವಳಲ್ಲ. ಅವಳಿಗೆ ಗೊತ್ತು
ಯಾವ ಸಂಪಾದಕನಿಗೆ ಊಟದ ನಂತರವೇ ಫೋನು ಮಾಡಬೇಕು,
ಯಾರಿಗೆ ಸಮುದ್ರವೆಂದರೆ ಪ್ರಾಣ,
ಯಾರಿಗೆ ತಾಯಂದಿರು ಸಾಕೋಸಾಕಾಗಿದ್ದಾರೆ,
ಎರಡನೆಯವನ ಬೆಲೆ ಬಂತೆಂಬುದನ್ನು ಮೂರನೆಯವನಿಗೆ
ಎಷ್ಟು ಹೊತ್ತು ಬಿಟ್ಟು ಹೇಳಬೇಕು.

ಗುರುವಾರ ಹರಾಜು. ಐವರು ಪ್ರಕಾಶಕರು.
ಮೊತ್ತ ಕೇಳಿ ಆಲ್ವಿನ್ ಬಹಳ ಹೊತ್ತು ಸುಮ್ಮನಿದ್ದ,
ಆಮೇಲೆ, ಹಾಗಾದರೆ ಬಾಯ್ಲರ್ ರಿಪೇರಿ ಮಾಡಿಸಬಹುದಾ, ಎಂದ.

ಮಾಡಿಸಿದ. ಪುಸ್ತಕವೂ ಬಂತು. ಒಳ್ಳೆಯ ಪುಸ್ತಕ.
ಒಂದನೇ ಪುಟದಲ್ಲೇ ಹಡಗು ಹೊರಡುತ್ತದೆ,
ದಂಡೆಯಲ್ಲಿ ಯಾರೂ ನಿಂತಿರುವುದಿಲ್ಲ.

ನೂರಕ್ಕೆ ಹದಿನೈದು ನಮ್ಮದು; ಲೆಕ್ಕ ಚೊಕ್ಕ.
ಆ ನಲವತ್ತು ಪುಟ ಮಾತ್ರ ಯಾರ ಖಾತೆಯದೋ.
ಯಂತ್ರಕ್ಕೆ ಕೊಟ್ಟುಬಿಡು ಅಂದಿದ್ದಳು.
ಕೊಟ್ಟೆ, ಮೂವತ್ತೊಂಬತ್ತನ್ನು.

ನನ್ನ ಮೇಜಿನ ಖಾನೆಯಲ್ಲಿ, ಚಹಾ ಪೊಟ್ಟಣಗಳ ಕೆಳಗೆ,
ಅವಳಿನ್ನೂ ನಿಂತೇ ಉಣ್ಣುತ್ತಿದ್ದಾಳೆ.
ಕೆಲವು ಸಂಜೆ, ‘ಹೊಂದುವುದಿಲ್ಲ’ ಎಂದು ಒತ್ತುವ ಮುಂಚೆ
ಖಾನೆ ಎಳೆಯುತ್ತೇನೆ.
ಬೈಯುತ್ತಾಳೆ.
ನಾಲ್ಕನೇ ಪುಟ ತೆರೆಯುತ್ತೇನೆ.