ಇಪ್ಪತ್ತಮೂರನೆಯ ಗುರುತು

ನಮ್ಮ ಮಾತಿನಲ್ಲಿ ಬಾತುಕೋಳಿಗೂ ಗಾಳಿಸುದ್ದಿಗೂ
ಒಂದೇ ಪದ. ಅದಕ್ಕೇ
ವಾಲ್ಮೋರ್ ಗರಾಜಿನಲ್ಲಿ ಬಾತುಕೋಳಿ ವಿಮಾನ ಕಟ್ಟುತ್ತಾನಂತೆ ಎಂದಾಗ
ಮತಾನಿನ ಸೀಗಡಿ ಅಂಗಡಿಯ ಸಾಲಿಗೆ
ಬೇರೆ ಜೋಕು ಬೇಕಾಗಲಿಲ್ಲ.
ಹನ್ನೊಂದು ಚಳಿಗಾಲ ಅದನ್ನೇ ಅಗಿದರು.

ಪುಟ್ಟ ರೆಕ್ಕೆ ಹಿಂದಿಲ್ಲ, ಮುಂದೆ. ಎಂಜಿನ್ನು ಮುಂದಿಲ್ಲ, ಹಿಂದೆ.
ತಮ್ಮ ರೊಜೇರ್ ನಕ್ಷೆ ನೋಡಿದವನೇ
"ಬಾಲ ಎಲ್ಲಿರಬೇಕೆಂದು ಕತ್ತೆಗೂ ಗೊತ್ತು" ಅಂದ.
ಅಣ್ಣನೂ ಏನೋ ಅಂದ.
ಏನೆಂದು ಇಬ್ಬರೂ ಇವತ್ತಿಗೂ ಹೇಳುವುದಿಲ್ಲ.

ತಮ್ಮ ಹಿಡಿಯಬೇಕಿದ್ದ ತುದಿ ನನಗೆ ಬಂತು.
ನಾನು ಪಕ್ಕದ ಮನೆಯವಳು, ಶಾಲೆ ಬಸ್ಸಿನ ಡ್ರೈವರು,
ಕೈ ನಡುಗದವಳು.
ನಡುವೆ ನೀಲಿ ಫೋಮಿನ ದಿಮ್ಮಿ,
ಆಚೆ ಅವನು, ಈಚೆ ನಾನು, ನಮ್ಮಿಬ್ಬರ ಮಧ್ಯೆ
ಕಾದ ತಂತಿ.
ಪ್ಲೈವುಡ್ ಅಚ್ಚಿನ ಅಂಚಿಗೆ ಪೆನ್ಸಿಲ್ಲಿನ ಅಂಕಿಗಳು.
ಅವನು ಕೂಗಬೇಕು, ನಾನು ಮುಟ್ಟಬೇಕು:
ಎಂಟು... ಎಂಟೂವರೆ... ಒಂಬತ್ತು...
ಅವಸರ ಮಾಡಿದರೆ ತಂತಿ ಬಿಲ್ಲಾಗುತ್ತದೆ,
ನಿಂತರೆ ರೆಕ್ಕೆ ಕರಗುತ್ತದೆ.
ಗಂಡನ ಜೊತೆ ಮೂವತ್ತು ವರ್ಷ ಬಾಳಿದೆ,
ಯಾವುದನ್ನೂ ಹೀಗೆ ಒಟ್ಟಿಗೆ ಎಣಿಸಿರಲಿಲ್ಲ.

ಮುಂದಿನ ರೆಕ್ಕೆ ಕೊಯ್ದ ದಿನ
ಇಪ್ಪತ್ತಮೂರರಲ್ಲಿ ಅವನ ದನಿ ನಿಂತಿತು.
ಕಿಟಕಿಯಾಚೆ, ಹಿಮದಲ್ಲಿ, ರೊಜೇರನ ಲಾರಿ.
ಎಂಜಿನ್ ಆರಿಸಲಿಲ್ಲ. ಇಳಿಯಲಿಲ್ಲ.
ವೈಪರ್ ನಾಲ್ಕು ಸಲ ಆಡಿತು,
ಹೋಯಿತು.
"ಇಪ್ಪತ್ತನಾಲ್ಕು" ಅಂದ ವಾಲ್ಮೋರ್.
ಅಷ್ಟರಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ.
ಎಪಾಕ್ಸಿ ಕಲಸಿ ತುಂಬಿದ, ಗಾಜಿನ ಬಟ್ಟೆ ಹಾಸಿದ,
ಚಳಿಗೆ ಅಂಟು ಗಟ್ಟಿಯಾಗದೆಂದು
ತಾಯಿಯ ಕರೆಂಟು ಕಂಬಳಿ ಹೊದಿಸಿದ.
ಆ ರಾತ್ರಿ ಕಂಬಳಿಯಿಲ್ಲದೆ ಮಲಗಿರಬೇಕು.

"ನಿಧಾನವಾದಾಗ ಮುಂದಿನದೇ ಮೊದಲು ಸೋಲುತ್ತೆ," ಎಂದು
ಬ್ರೆಡ್ಡಿನ ಚೂರಿಟ್ಟು ತೋರಿಸಿದ್ದ.
"ಮೂಗು ಬಗ್ಗುತ್ತೆ, ವೇಗ ಬರುತ್ತೆ, ಮತ್ತೆ ಏಳುತ್ತೆ.
ದೊಡ್ಡ ರೆಕ್ಕೆಗೆ ಸೋಲು ತಲುಪುವುದೇ ಇಲ್ಲ."
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು, ಅಂದೆ.
"ನೆಲದ ಮೇಲೆ," ಅಂದ.

ಜೂನಿನಲ್ಲಿ ಹಾರಿತು.
ನದಿ ಸಮುದ್ರದಷ್ಟು ಅಗಲವಾಗುವಲ್ಲಿ, ಎತ್ತರದಲ್ಲಿ,
ಬೇಕಂತಲೇ ವೇಗ ಇಳಿಸಿದ:
ಬಗ್ಗಿತು, ಎದ್ದಿತು. ಬಗ್ಗಿತು, ಎದ್ದಿತು.
ಬೇಲಿಯ ಹತ್ತಿರ ಯಾರೋ ಗಟ್ಟಿಯಾಗಿ ಎಣಿಸುತ್ತಿದ್ದರು.
ನಾನು ತಿರುಗಿ ನೋಡಲಿಲ್ಲ, ಕೆಮ್ಮು ಗುರುತು ಸಿಕ್ಕಿತ್ತು.

ಸವಾರ ಇಳಿದರೆ ಹಿಂದಕ್ಕೆ ಮಗುಚುವ ಜಾತಿ ಅದು;
ಮುಂದಿನ ಗಾಲಿ ಮಡಿಸಿ ಮೂಗೂರಿಸಿ ನಿಲ್ಲಿಸಿದ.
ಆಗ ರೊಜೇರ್ ಬಂದ. ಅಣ್ಣನ ಕಡೆ ನೋಡದೆ
ಮುಂದಿನ ರೆಕ್ಕೆಯ ಮೇಲೆ ಅಂಗೈ ಎಳೆಯುತ್ತಾ ಹೋಗಿ
ಒಂದು ಕಡೆ ನಿಂತ.
ಬಣ್ಣ ಕನ್ನಡಿಯಂತಿತ್ತು. ಅಲ್ಲಿ ಏನೂ ಕಾಣುತ್ತಿರಲಿಲ್ಲ.
"ಇಲ್ಲಿ ಎಷ್ಟು?" ಎಂದು ಕೇಳಿದ.

ವಾಲ್ಮೋರ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಲೇ ಇದ್ದ.
ನಾನೇ ಹೇಳಿದೆ.